ಒಂದ್ಸಲ ದುಡ್ಡಿನ ಎದುರು ಗೆದ್ದು ಇನ್ನೊಂದ್ಸಲ ಸೋತ ಸ್ಕೂಲ್ ಬೋರ್ಡ್ ಮೆಂಬರ್: ಲಾಸ್ ಏಂಜಲೀಸಿನ ಸ್ಟೀವ್ ಝಿಮ್ಮರ್ ಪ್ರಕರಣ

2017ರ ಮೇ 16ನೇ ತಾರೀಖು ಲಾಸ್ ಏಂಜಲೀಸಲ್ಲಿ ಸ್ಕೂಲ್ ಬೋರ್ಡಿನ ಎರಡು ಸೀಟಿಗೆ ಎಲೆಕ್ಷನ್ ನಡೀತು. ಆ ವರ್ಷದ ಬೋರ್ಡ್ ಎಲೆಕ್ಷನ್ನಿಗೆ ಎಲ್ಲಾ ಕಡೆಯಿಂದ ಸೇರಿ ಸುರಿದ ದುಡ್ಡು ಹತ್ತಿರ ಹತ್ತಿರ ಒಂದೂವರೆ ಕೋಟಿ ಡಾಲರ್, ಅಲ್ಲಿತನಕ ಅಮೆರಿಕದಲ್ಲಿ ಯಾವ ಸ್ಕೂಲ್ ಬೋರ್ಡ್ ಎಲೆಕ್ಷನ್ನಿಗೂ ಅಷ್ಟು ಖರ್ಚಾಗಿರಲಿಲ್ಲ. ಅವತ್ತು ಸೋತಿದ್ದು ಸಾಮಾನ್ಯ ಮೆಂಬರ್ ಅಲ್ಲ, ಬೋರ್ಡಿನ ಪ್ರೆಸಿಡೆಂಟ್ ಸ್ಟೀವ್ ಝಿಮ್ಮರ್. ಹಾಲಿ ಅಧ್ಯಕ್ಷರು, ನಗರದ ಮೇಯರ್ ಎರಿಕ್ ಗಾರ್ಸೆಟ್ಟಿ ಬೆಂಬಲ ಇತ್ತು, ಕಡೇ ಹಂತದಲ್ಲಿ ಸೆನೆಟರ್ ಬರ್ನಿ ಸ್ಯಾಂಡರ್ಸ್ ಕೂಡ ಇವರ ಪರ ನಿಂತ್ರು, ಆದ್ರೂ 57–43ರ ಅಂತರದಲ್ಲಿ ಸೋತ್ರು. ಈ ಸುದ್ದಿ ಹೇಳೋರೆಲ್ಲ "ದುಡ್ಡು ಗೆದ್ದಿತು" ಅಂತ ಒಂದೇ ಮಾತಲ್ಲಿ ಮುಗಿಸಿಬಿಡ್ತಾರೆ. ನನಗೆ ಅದು ಸಾಕಾಗಲ್ಲ, ಯಾಕಂದ್ರೆ ಇದೇ ಮನುಷ್ಯ ನಾಲ್ಕು ವರ್ಷದ ಹಿಂದೆ, 2013ರಲ್ಲಿ, ಇದೇ ಸೀಟಲ್ಲಿ, ಇದೇ ಥರದ ದೊಡ್ಡ ದುಡ್ಡಿನ ಎದುರು ನಿಂತು ಗೆದ್ದಿದ್ರು. ಹಾಗಾದ್ರೆ ಮಧ್ಯೆ ಏನು ಬದಲಾಯ್ತು ಅನ್ನೋದು ಪ್ರಶ್ನೆ.

ಮೊದಲು ಈ ಬೋರ್ಡ್ ಅಂದ್ರೆ ಏನು ಅಂತ ಹೇಳ್ಬೇಕು, ಯಾಕಂದ್ರೆ ನಮ್ಮಲ್ಲಿ ಇದಕ್ಕೆ ಸಮ ಅನ್ನೋ ವ್ಯವಸ್ಥೆನೇ ಇಲ್ಲ. ನಮ್ಮ ಎಸ್‌ಡಿಎಂಸಿ, ಅಂದ್ರೆ ಶಾಲಾಭಿವೃದ್ಧಿ ಸಮಿತಿ, ಒಂದು ಶಾಲೆಗೆ ಸೀಮಿತ, ಮೇಷ್ಟ್ರ ನೇಮಕ, ಸಂಬಳ, ಸಿಲಬಸ್ ಎಲ್ಲ ಬೆಂಗಳೂರಿಂದ ತೀರ್ಮಾನ ಆಗುತ್ತೆ. ಲಾಸ್ ಏಂಜಲೀಸ್ ಯೂನಿಫೈಡ್ ಸ್ಕೂಲ್ ಡಿಸ್ಟ್ರಿಕ್ಟ್ ಅನ್ನೋದು ನ್ಯೂಯಾರ್ಕ್ ಬಿಟ್ರೆ ಆ ದೇಶದ ಅತಿ ದೊಡ್ಡ ಶಾಲಾ ಆಡಳಿತ, ಚಾರ್ಟರ್ ಶಾಲೆಗಳನ್ನೂ (ಸರ್ಕಾರದ ದುಡ್ಡಲ್ಲಿ ಖಾಸಗಿ ಸಂಸ್ಥೆಗಳು ನಡೆಸೋ ಶಾಲೆಗಳು) ಸೇರಿಸಿ ಆಗ 6 ಲಕ್ಷಕ್ಕೂ ಜಾಸ್ತಿ ಮಕ್ಕಳು, ವರ್ಷಕ್ಕೆ ನೂರಾರು ಕೋಟಿ ಡಾಲರಿನ ಬಜೆಟ್. ಇದನ್ನ ನಡೆಸೋದು ಜನ ಓಟ್ ಹಾಕಿ ಆರಿಸಿದ ಏಳೇ ಜನ. ಇಡೀ ಆಡಳಿತದ ಮುಖ್ಯಾಧಿಕಾರಿ ಸೂಪರಿಂಟೆಂಡೆಂಟನ್ನ ನೇಮಿಸೋದು ತೆಗೆಯೋದು ಅವ್ರು, ಮೇಷ್ಟ್ರ ಯೂನಿಯನ್ ಜೊತೆ ಆಗೋ ಒಪ್ಪಂದಕ್ಕೆ ಸೈ ಅನ್ನೋದು ಅವ್ರು, ಹೊಸ ಚಾರ್ಟರ್ ಶಾಲೆಗೆ ಪರ್ಮಿಶನ್ ಕೊಡೋದು ಬಿಡೋದೂ ಅವ್ರೇ. ಇಷ್ಟೆಲ್ಲ ಅಧಿಕಾರ ಇರೋ ಸೀಟಿಗೆ ಆಗ ಸಂಬಳ ಎಷ್ಟು ಅಂದ್ರೆ ವರ್ಷಕ್ಕೆ 46 ಸಾವಿರ ಡಾಲರಿಗಿಂತ ಸ್ವಲ್ಪ ಕಮ್ಮಿ, ಆ ಊರಿನ ಬಾಡಿಗೆ ಗೊತ್ತಿರೋರಿಗೆ ಅದು ಎಷ್ಟು ಕಮ್ಮಿ ಅಂತ ಅರ್ಥ ಆಗುತ್ತೆ. ಝಿಮ್ಮರ್ ಸೋತು ಮನೆಗೆ ಹೋದ ತಿಂಗಳಲ್ಲೇ, 2017ರ ಜುಲೈನಲ್ಲಿ, ಬೇರೆ ಕೆಲಸ ಇಲ್ಲದ ಮೆಂಬರುಗಳಿಗೆ ಅದನ್ನ 1,25,000 ಡಾಲರಿಗೆ ಏರಿಸಿದ್ರು.

ಝಿಮ್ಮರ್ ಈ ಊರಿಗೆ ಬಂದಿದ್ದು 1992ರಲ್ಲಿ, ಟೀಚ್ ಫಾರ್ ಅಮೆರಿಕ ಅನ್ನೋ ಕಾರ್ಯಕ್ರಮದ ಮೂಲಕ. ಕಾಲೇಜ್ ಮುಗಿಸಿದ ಹುಡುಗ ಹುಡುಗಿಯರನ್ನ ಎರಡು ವರ್ಷಕ್ಕೆ ಬಡವರ ಶಾಲೆಗೆ ಕಳಿಸೋ ಕಾರ್ಯಕ್ರಮ ಅದು, ಹೆಚ್ಚಿನವರು ಎರಡು ವರ್ಷ ಆದ್ಮೇಲೆ ಬೇರೆ ದಾರಿ ಹಿಡೀತಾರೆ. ಇವ್ರು ಹೋಗಲಿಲ್ಲ. ಮಾರ್ಷಲ್ ಹೈಸ್ಕೂಲಲ್ಲಿ ಮೇಷ್ಟ್ರಾಗಿ, ಆಮೇಲೆ ಕೌನ್ಸೆಲರ್ ಆಗಿ ಉಳಕೊಂಡ್ರು, ಒಟ್ಟು 17 ವರ್ಷ. ವಲಸೆ ಬಂದ ಮನೆಗಳ ಮಕ್ಕಳಿಗೆ, ಮನೇಲಿ ಇಂಗ್ಲಿಷ್ ಆಡದ ಮಕ್ಕಳಿಗೆ ಇಂಗ್ಲಿಷ್ ಕಲಿಸೋ ಕೆಲಸ. 2009ರಲ್ಲಿ ಡಿಸ್ಟ್ರಿಕ್ಟ್ 4ರಿಂದ ಗೆದ್ದು ಬೋರ್ಡಿಗೆ ಬಂದ್ರು. ಈ ಕ್ಷೇತ್ರ ಹಾಲಿವುಡ್‌ನಿಂದ ಹಿಡಿದು ವೆನಿಸ್ ಬೀಚ್ ತನಕ, ಮೇಲೆ ಸ್ಯಾನ್ ಫರ್ನಾಂಡೊ ವ್ಯಾಲಿಯ ಪಶ್ಚಿಮ ಭಾಗದ ತನಕ ಹರಡಿದೆ, ಊರಿನ ದುಡ್ಡಿರೋ ಜನ, ಓದಿರೋ ಜನ ಜಾಸ್ತಿ ಇರೋ ಕಡೆ. ಇದನ್ನ ನೆನಪಲ್ಲಿ ಇಟ್ಕೊಳ್ಳಿ, ಮುಂದೆ ಬೇಕಾಗುತ್ತೆ. ಇವರು ಕಲಿಸಿದ ಥರದ ಮಕ್ಕಳ ಮನೆಯವರಲ್ಲಿ ಎಷ್ಟೋ ಜನಕ್ಕೆ ಓಟೇ ಇಲ್ಲ, ಯಾಕಂದ್ರೆ ಅವರು ಸಿಟಿಜನ್ ಅಲ್ಲ.

ಜಗಳದ ಬೇರು ಚಾರ್ಟರ್ ಶಾಲೆ. ಕ್ಯಾಲಿಫೋರ್ನಿಯಾದಲ್ಲಿ ಇದಕ್ಕೆ ಕಾನೂನು ಬಂದಿದ್ದು 1992ರಲ್ಲಿ. ಸರ್ಕಾರದ ದುಡ್ಡು, ಫೀಸ್ ಇಲ್ಲ, ಆದ್ರೆ ನಡೆಸೋದು ಖಾಸಗಿ ಸಂಸ್ಥೆ, ಹೆಚ್ಚಿನ ಕಡೆ ಮೇಷ್ಟ್ರಿಗೆ ಯೂನಿಯನ್ ಇರಲ್ಲ. ಒಂದು ಮಗು ಮಾಮೂಲಿ ಶಾಲೆ ಬಿಟ್ಟು ಚಾರ್ಟರಿಗೆ ಹೋದ್ರೆ ಅದರ ಹೆಸರಲ್ಲಿ ಬರೋ ಸರ್ಕಾರಿ ಹಣನೂ ಅದರ ಹಿಂದೆನೇ ಹೋಗುತ್ತೆ, ಆದ್ರೆ ಬಿಟ್ಟ ಶಾಲೆಯ ಕರೆಂಟ್ ಬಿಲ್, ಕಟ್ಟಡ, ರಿಟೈರ್ ಆದವರ ಪೆನ್ಶನ್ ಅಷ್ಟೇ ಇರುತ್ತೆ. 2000ದ ದಶಕದ ಶುರುನಲ್ಲಿ 7 ಲಕ್ಷ ದಾಟಿದ್ದ ಈ ಡಿಸ್ಟ್ರಿಕ್ಟಿನ ಮಕ್ಕಳ ಸಂಖ್ಯೆ ವರ್ಷ ವರ್ಷ ಇಳೀತಾ ಬಂತು, ಬಾಡಿಗೆ ಏರಿ ಮನೆಯವರು ಊರು ಬಿಟ್ಟಿದ್ದೂ ಕಾರಣ, ಮಕ್ಕಳ ಹುಟ್ಟು ಕಮ್ಮಿ ಆಗಿದ್ದೂ ಕಾರಣ, ಚಾರ್ಟರೂ ಕಾರಣ. 2017ರ ಹೊತ್ತಿಗೆ 1 ಲಕ್ಷಕ್ಕೂ ಮೇಲ್ಪಟ್ಟು ಮಕ್ಕಳು ಚಾರ್ಟರಲ್ಲಿದ್ರು, ಅಮೆರಿಕದ ಬೇರೆ ಯಾವ ಡಿಸ್ಟ್ರಿಕ್ಟಲ್ಲೂ ಆಗ ಅಷ್ಟಿರಲಿಲ್ಲ.

ಝಿಮ್ಮರ್ ಚಾರ್ಟರಿನ ಕಡು ವಿರೋಧಿ ಅಂತ ಬಿಂಬಿಸಿದ್ದು ಸರಿ ಅಲ್ಲ. ಬೋರ್ಡಿಗೆ ಬಂದ ಚಾರ್ಟರ್ ಅರ್ಜಿಗಳಲ್ಲಿ ಬಹುಪಾಲಿಗೆ ಅವರು ಹೂಂ ಅಂದವರೇ. ಆದ್ರೆ 2012ರಲ್ಲಿ ಒಂದು ನಿರ್ಣಯ ತಂದ್ರು: ಇರೋ ಚಾರ್ಟರುಗಳ ಮೇಲೆ ಸರಿಯಾದ ಉಸ್ತುವಾರಿ ವ್ಯವಸ್ಥೆ ಆಗೋ ತನಕ ಹೊಸದಕ್ಕೆ ಸ್ವಲ್ಪ ಕಾಲ ತಡೆ ಇರಲಿ ಅಂತ. ನಿರ್ಣಯ ಬಿದ್ದೋಯ್ತು. ಆದ್ರೆ ಚಾರ್ಟರ್ ಕಡೆಯವರು ಅದನ್ನ ಮರೀಲಿಲ್ಲ. ಇತ್ತ ಯೂನಿಯನ್ನಿಗೂ ಇವರ ಮೇಲೆ ಪೂರ್ತಿ ನಂಬಿಕೆ ಇರಲಿಲ್ಲ, ಯಾಕಂದ್ರೆ ಅವರಿಗೆ ಕಂಡ್ರೆ ಆಗದ ಸೂಪರಿಂಟೆಂಡೆಂಟ್ ಜಾನ್ ಡೀಸಿ ಜೊತೆ ಇವರು ಕೆಲಸ ಮಾಡ್ಕೊಂಡು ಹೋಗ್ತಿದ್ರು. ಅತ್ತ ದರಿ ಇತ್ತ ಪುಲಿ ಅಂತಾರಲ್ಲ, ಅವರ ಪೂರ್ತಿ ಎಂಟು ವರ್ಷ ಹಾಗೇ ಕಳೀತು.

2013ರ ಎಲೆಕ್ಷನ್‌ನಲ್ಲಿ ಎದುರಾಳಿ ಕೇಟ್ ಆಂಡರ್ಸನ್, ವಕೀಲೆ, ಶಾಲೆಗೆ ಹೋಗೋ ಮಕ್ಕಳ ತಾಯಿ. ಅವರ ಹಿಂದೆ ಆಗಿನ ಮೇಯರ್ ಆಂಟೋನಿಯೊ ವಿಲ್ಲರೈಗೋಸ ಬೆಂಬಲದ ಗುಂಪು. ನ್ಯೂಯಾರ್ಕಿನ ಮೇಯರ್ ಮೈಕೆಲ್ ಬ್ಲೂಮ್‌ಬರ್ಗ್ ಆ ಗುಂಪಿಗೆ 10 ಲಕ್ಷ ಡಾಲರ್ ಕೊಟ್ರು, ಲಾಸ್ ಏಂಜಲೀಸಿನ ಶ್ರೀಮಂತ ಈಲೈ ಬ್ರಾಡ್ ಎರಡೂವರೆ ಲಕ್ಷ ಕೊಟ್ರು. ಸುಮಾರು ಎರಡೂವರೆ ಸಾವಿರ ಮೈಲಿ ದೂರದ ಊರಿನ ಮೇಯರ್ ಇಲ್ಲಿನ ಶಾಲೆ ಸೀಟಿಗೆ ದುಡ್ಡು ಹಾಕ್ತಾನೆ ಅನ್ನೋದೇ ಝಿಮ್ಮರ್ ಕ್ಯಾಂಪೇನಿಗೆ ಒಳ್ಳೇ ಅಸ್ತ್ರ ಆಯ್ತು. ಯೂನಿಯನ್ ಇವರ ಪರ ಖರ್ಚು ಮಾಡ್ತು, ಮನೆ ಮನೆಗೆ ಮೇಷ್ಟ್ರುಗಳೇ ಹೋದ್ರು. ಮಾರ್ಚ್ 5ರಂದು ಇಬ್ಬರೇ ಕಣದಲ್ಲಿ, ಒಂದೇ ಸುತ್ತು, 52–48ರಲ್ಲಿ ಝಿಮ್ಮರ್ ಗೆದ್ರು. ಅವತ್ತು ಓಟ್ ಚೀಟೀಲಿ ಮೇಯರ್ ಎಲೆಕ್ಷನ್ನೂ ಇತ್ತು, ಅದೂ ಹಾಲಿ ಮೇಯರ್ ನಿಲ್ಲದ ತೆರೆದ ಸೀಟು, ಆದ್ರಿಂದ ಅಲ್ಲಿನ ಲೆಕ್ಕಕ್ಕೆ ಸುಮಾರಾಗಿ ಜನ ಬಂದ್ರು, ನೂರಕ್ಕೆ 21ರ ಆಸುಪಾಸು.

ಗೆದ್ದ ಮೇಲೆ ಶುರು ಆಯ್ತು ನೋಡಿ ಕಷ್ಟ. 2013ರ ಜೂನ್‌ನಲ್ಲಿ ಬೋರ್ಡ್ ಒಮ್ಮತದಿಂದ ಆಪಲ್ ಜೊತೆ 3 ಕೋಟಿ ಡಾಲರಿನ ಮೊದಲ ಹಂತದ ಒಪ್ಪಂದ ಮಾಡ್ಕೊಂಡಿತು, ಎಲ್ಲ ಮಕ್ಕಳಿಗೂ ಒಂದೊಂದು ಐಪ್ಯಾಡ್ ಕೊಡೋ ಯೋಜನೆ, ಪೂರ್ತಿ ಲೆಕ್ಕ 100 ಕೋಟಿ ಡಾಲರಿಗೂ ಮೀರಿದ್ದು. ಅಷ್ಟರಲ್ಲೇ ಸೆಪ್ಟೆಂಬರಲ್ಲಿ ಹೈಸ್ಕೂಲ್ ಹುಡುಗರು ಐಪ್ಯಾಡಲ್ಲಿದ್ದ ಪ್ರೊಫೈಲ್ ಡಿಲೀಟ್ ಮಾಡಿದ್ರೆ ಸಾಕು ಫಿಲ್ಟರ್ ಹೋಗುತ್ತೆ ಅಂತ ಕಂಡುಹಿಡಿದು ಫೇಸ್‌ಬುಕ್, ಯೂಟ್ಯೂಬ್ ತೆಗೆದುಬಿಟ್ರು, ಕೊಟ್ಟ ಐಪ್ಯಾಡನ್ನ ವಾಪಸ್ ಇಸ್ಕೊಳ್ಳೋ ಪರಿಸ್ಥಿತಿ ಬಂತು. ಆಮೇಲೆ ಟೆಂಡರಿಗೆ ಮುಂಚೆನೇ ಕಂಪನಿಯವರ ಜೊತೆ ಡೀಸಿ ಕಡೆಯಿಂದ ಈಮೇಲ್ ಓಡಾಡಿದ್ದು ಹೊರಗೆ ಬಂತು, 2014ರ ಆಗಸ್ಟಲ್ಲಿ ಒಪ್ಪಂದ ನಿಲ್ಲಿಸಿದ್ರು, ಡಿಸೆಂಬರಲ್ಲಿ ಎಫ್‌ಬಿಐ ಬಂದು ಡಬ್ಬಗಟ್ಲೆ ದಾಖಲೆ ಹೊತ್ಕೊಂಡು ಹೋಯ್ತು. ಕೊನೆಗೆ ಯಾರ ಮೇಲೂ ಕೇಸ್ ಆಗಲಿಲ್ಲ, ಅದು ಬೇರೆ ಮಾತು.

ಐಪ್ಯಾಡಿಗಿಂತ ನನಗೆ ಜಾಸ್ತಿ ಸಂಕಟ ಆಗೋದು ಇನ್ನೊಂದು ವಿಷಯಕ್ಕೆ. ಅದೇ 2014ರ ಆಗಸ್ಟಲ್ಲಿ ಮಿಸಿಸ್ ಅನ್ನೋ ಹೊಸ ಕಂಪ್ಯೂಟರ್ ವ್ಯವಸ್ಥೆ ಚಾಲೂ ಮಾಡಿದ್ರು, ಹಾಜರಿ, ಟೈಮ್‌ಟೇಬಲ್, ಮಾರ್ಕ್ಸ್ ಎಲ್ಲ ಅದರಲ್ಲೇ. ಶಾಲೆ ಶುರುವಾದ ದಿನದಿಂದ ಅದು ಕೈಕೊಡ್ತು. ಜೆಫರ್ಸನ್ ಹೈಸ್ಕೂಲ್ ಅನ್ನೋ ಬಡವರ ಬಡಾವಣೆಯ ಶಾಲೇಲಿ ಎಷ್ಟೋ ಮಕ್ಕಳಿಗೆ ಟೈಮ್‌ಟೇಬಲ್ಲೇ ಸಿಗಲಿಲ್ಲ, ಸಿಕ್ಕವರಿಗೆ ಆಗಲೇ ಪಾಸಾದ ಕ್ಲಾಸನ್ನೇ ಮತ್ತೆ ಹಾಕಿತ್ತು, ಇನ್ನು ಕೆಲವರನ್ನ ಆಡಿಟೋರಿಯಂನಲ್ಲಿ ವಾರಗಟ್ಲೆ ಸುಮ್ನೆ ಕೂರಿಸಿದ್ರು. ಕಾಲೇಜಿಗೆ ಅರ್ಜಿ ಹಾಕಬೇಕಾದ ವರ್ಷದಲ್ಲಿ ಒಂದು ಮಗು ಬೆಳಗ್ಗೆ ಎದ್ದು ಬ್ಯಾಗ್ ಹಾಕ್ಕೊಂಡು ಶಾಲೆಗೆ ಬಂದು ಖಾಲಿ ಕೂತು ವಾಪಸ್ ಹೋಗೋದು ಅಂದ್ರೆ ಏನು! ಅಕ್ಟೋಬರಲ್ಲಿ ಕೋರ್ಟೇ ಆದೇಶ ಕೊಟ್ಟು ಸರಿಮಾಡಿಸಬೇಕಾಯ್ತು. ಅದೇ ತಿಂಗಳು ಡೀಸಿ ರಾಜೀನಾಮೆ ಕೊಟ್ಟು ಹೋದ್ರು. ಆದ್ರೆ ಬೋರ್ಡಲ್ಲಿದ್ದವರು ಅಲ್ಲೇ ಇದ್ರು, ಹೋದವರ ಹೊರೆನೂ ಇರೋರ ತಲೆ ಮೇಲೆ ಬೀಳುತ್ತೆ.

2015ರ ಜುಲೈನಲ್ಲಿ ಝಿಮ್ಮರ್ ಬೋರ್ಡಿಗೆ ಪ್ರೆಸಿಡೆಂಟ್ ಆದ್ರು. ಎರಡೇ ತಿಂಗಳಿಗೆ ಬ್ರಾಡ್ ಅವರ ಪ್ರತಿಷ್ಠಾನ ತಯಾರಿಸಿದ ಒಂದು ಗುಟ್ಟಿನ ಟಿಪ್ಪಣಿ ಲಾಸ್ ಏಂಜಲೀಸ್ ಟೈಮ್ಸಲ್ಲಿ ಬಂತು: ಎಂಟು ವರ್ಷದಲ್ಲಿ 49 ಕೋಟಿ ಡಾಲರ್ ಹಾಕಿ 260 ಹೊಸ ಚಾರ್ಟರ್ ತೆಗೆದು ಊರಿನ ಅರ್ಧ ಮಕ್ಕಳನ್ನ ಚಾರ್ಟರಿಗೆ ತರಬೇಕು ಅಂತ. ಉಳಿದರ್ಧ ಮಕ್ಕಳ ಶಾಲೆ ಹೇಗೆ ನಡೀಬೇಕು ಅನ್ನೋದು ಯಾರ ತಲೆನೋವು? ಇಲ್ಲಿ ಝಿಮ್ಮರ್ ಗಟ್ಟಿಯಾಗಿ ನಿಂತ್ರು, 2016ರ ಜನವರೀಲಿ ಬೋರ್ಡ್ ಒಮ್ಮತದಿಂದ ಇದರ ವಿರುದ್ಧ ನಿರ್ಣಯ ಮಾಡ್ತು. ಅದೇ ತಿಂಗಳು ಮಿಶೆಲ್ ಕಿಂಗ್ ಅವರನ್ನ ಸೂಪರಿಂಟೆಂಡೆಂಟ್ ಮಾಡಿದ್ರು, ಅದೇ ಡಿಸ್ಟ್ರಿಕ್ಟಿನ ಶಾಲೆಗಳಲ್ಲಿ ಓದಿ, ಅಲ್ಲೇ ಮೇಷ್ಟ್ರಾಗಿ, ಮೇಲೆ ಬಂದ ಹೆಣ್ಣುಮಗಳು, ಆ ಹುದ್ದೆಗೆ ಬಂದ ಮೊದಲ ಕಪ್ಪು ಮಹಿಳೆ.

ಅದಕ್ಕಿಂತ ಸ್ವಲ್ಪ ಮುಂಚೆ, 2015ರ ಡಿಸೆಂಬರ್ 15ರ ಬೆಳಗ್ಗೆ ಇನ್ನೊಂದು ಪರೀಕ್ಷೆ ಬಂದಿತ್ತು. ಬೋರ್ಡಿನವರಿಗೆ ರಾತ್ರಿ ಒಂದು ಬೆದರಿಕೆ ಈಮೇಲ್, ಶಾಲೆಗಳಲ್ಲಿ ಬಾಂಬ್ ಇದೆ ಅಂತ. ಕ್ಯಾಲಿಫೋರ್ನಿಯಾದಲ್ಲೇ ಸ್ಯಾನ್ ಬರ್ನಾರ್ಡಿನೊ ಗುಂಡಿನ ದಾಳಿ ಆಗಿ ಎರಡು ವಾರ ಕೂಡ ಕಳೆದಿರಲಿಲ್ಲ. ಸೂಪರಿಂಟೆಂಡೆಂಟ್ ರಮೋನ್ ಕಾರ್ಟೀನೆಸ್ ಬೆಳಕು ಹರಿಯೋಕೆ ಮುಂಚೆ ಎಲ್ಲ ಶಾಲೆ ಮುಚ್ಚಿ ಅಂದ್ರು. ಅಷ್ಟು ಹೊತ್ತಿಗೆ ಬಸ್ ಹತ್ತಿದ ಮಕ್ಕಳೂ ಇದ್ರು, ಕೆಲಸಕ್ಕೆ ಹೊರಟ ಅಪ್ಪ ಅಮ್ಮಂದಿರೂ ಇದ್ರು. ಝಿಮ್ಮರ್ ಮೈಕ್ ಮುಂದೆ ಬಂದು ಕೇಳಿಕೊಂಡಿದ್ದು ಊರಿನ ಮಾಲೀಕರ ಹತ್ತಿರ: ಇವತ್ತು ಮಕ್ಕಳನ್ನ ನೋಡ್ಕೊಳ್ಳೋಕೆ ಹೋಗಬೇಕಾದ ತಂದೆ ತಾಯಂದಿರಿಗೆ ಸ್ವಲ್ಪ ಸಡಿಲ ಕೊಡಿ ಅಂತ. ಹೋಟೆಲಲ್ಲಿ ಪಾತ್ರೆ ತೊಳೆಯೋರು, ಮನೆಗೆಲಸದವರು ಒಂದು ದಿನ ತಪ್ಪಿಸಿದ್ರೆ ಕೆಲಸನೇ ಹೋಗುತ್ತೆ ಅಂತ ಗೊತ್ತಿದ್ದವರು ಮಾತ್ರ ಆ ಹೊತ್ತಲ್ಲಿ ಆ ಮಾತು ಆಡೋದು. ನ್ಯೂಯಾರ್ಕಿಗೂ ಅಂಥದ್ದೇ ಈಮೇಲ್ ಬಂದಿತ್ತು, ಅವರು ಇದು ಸುಳ್ಳು ಅಂತ ಶಾಲೆ ನಡೆಸಿದ್ರು, ಆಮೇಲೆ ಲಾಸ್ ಏಂಜಲೀಸಿನವರು ಗಾಬರಿ ಬಿದ್ರು ಅಂತ ಟೀಕೆನೂ ಬಂತು. ಅಷ್ಟು ಮಕ್ಕಳ ಜೀವದ ಪ್ರಶ್ನೆ ಇದ್ದಾಗ ಆ ಟೀಕೆ ನನಗೆ ಒಪ್ಪಿಗೆ ಆಗಲ್ಲ.

ಈಗ 2017. ಎದುರಾಳಿ ನಿಕ್ ಮೆಲ್ವಾಯ್ನ್, ಮೂವತ್ತರ ಆಸುಪಾಸಿನ ವಕೀಲ, ಹಾರ್ವರ್ಡಲ್ಲಿ ಓದಿದವರು. ವಿಚಿತ್ರ ಅಂದ್ರೆ ಇವರೂ ಬಂದಿದ್ದು ಅದೇ ಟೀಚ್ ಫಾರ್ ಅಮೆರಿಕ ಮೂಲಕ, ವಾಟ್ಸ್ ಬಡಾವಣೆಯ ಮಾರ್ಕಮ್ ಮಿಡಲ್ ಸ್ಕೂಲಲ್ಲಿ ಮೇಷ್ಟ್ರಾಗಿದ್ರು. ಬಜೆಟ್ ಕುಸಿದು ಲೇಆಫ್ ಆದಾಗ ಕೊನೆಗೆ ಸೇರಿದವರು ಮೊದಲು ಹೋಗಬೇಕು ಅನ್ನೋ ನಿಯಮದಲ್ಲಿ ಇವರ ಕೆಲಸ ಹೋಯ್ತು. ಬಡ ಬಡಾವಣೆಯ ಶಾಲೆಗಳಲ್ಲಿ ಹೊಸ ಮೇಷ್ಟ್ರೇ ಜಾಸ್ತಿ, ಆದ್ರಿಂದ ಲೇಆಫ್ ಬಂದ್ರೆ ಅಂಥ ಶಾಲೆಗಳೇ ಖಾಲಿ ಆಗೋದು. ಅವರ ಈ ಸಿಟ್ಟಿನಲ್ಲಿ ನ್ಯಾಯ ಇದೆ, ಇದನ್ನ ಝಿಮ್ಮರ್ ಪರ ಇರೋರು ಒಪ್ಪಿಕೊಳ್ಳೋದೇ ಇಲ್ಲ, ಒಪ್ಪಿಕೊಳ್ಳಬೇಕು. ಮಾರ್ಚ್ 7ರ ಮೊದಲ ಸುತ್ತಲ್ಲಿ ನಾಲ್ಕು ಜನ ಇದ್ರು, ಝಿಮ್ಮರಿಗೆ ಸುಮಾರು 47.5, ಮೆಲ್ವಾಯ್ನ್‌ಗೆ 31ರ ಹತ್ತಿರ. 50 ದಾಟಿದ್ರೆ ಅಲ್ಲೇ ಮುಗೀತಿತ್ತು. ದಾಟಲಿಲ್ಲ, ರನ್‌ಆಫ್‌ಗೆ, ಅಂದ್ರೆ ಮುಂದಿದ್ದ ಇಬ್ಬರ ನಡುವಿನ ಎರಡನೇ ಸುತ್ತಿಗೆ ಹೋಯ್ತು.

ಅಲ್ಲಿಂದ ದುಡ್ಡಿನ ಮಳೆ. ಅಭ್ಯರ್ಥಿಗೆ ನೇರವಾಗಿ ಕೊಡೋ ದುಡ್ಡಿಗೆ ಮಿತಿ ಇದೆ, ಆದ್ರೆ ಅಭ್ಯರ್ಥಿ ಜೊತೆ ಮಾತಾಡದೆ ಹೊರಗಿಂದ ಖರ್ಚು ಮಾಡೋ ಕಮಿಟಿಗೆ ಮಿತಿನೇ ಇಲ್ಲ. ನೆಟ್‌ಫ್ಲಿಕ್ಸಿನ ರೀಡ್ ಹೇಸ್ಟಿಂಗ್ಸ್ ಚಾರ್ಟರ್ ಸಂಘದ ರಾಜಕೀಯ ಕಮಿಟಿಗೆ ಕೆಲವೇ ತಿಂಗಳಲ್ಲಿ ಲಕ್ಷ ಲಕ್ಷ ಡಾಲರ್ ಹಾಕಿದ್ರು, ನಗರದ ಹಳೇ ಮೇಯರ್ ರಿಚರ್ಡ್ ರಿಯೊರ್ಡನ್ ಒಬ್ಬರೇ ಝಿಮ್ಮರನ್ನ ಸೋಲಿಸೋಕೆ 20 ಲಕ್ಷ ಡಾಲರಿಗೂ ಜಾಸ್ತಿ ಕೊಟ್ರು. ಯೂನಿಯನ್‌ಗಳೂ ಲಕ್ಷಾಂತರ ಹಾಕಿದ್ವು, ಆದ್ರೆ ಒಟ್ಟಾರೆ ನೋಡಿದ್ರೆ ಚಾರ್ಟರ್ ಕಡೆಯದ್ದು ಹೆಚ್ಚು ಕಮ್ಮಿ ಎರಡು ಪಟ್ಟು. ಮನೆ ಮನೆಯ ಪೋಸ್ಟ್ ಡಬ್ಬಿ ದಪ್ಪ ಬಣ್ಣದ ಕಾಗದದ ಕರಪತ್ರಗಳಿಂದ ತುಂಬ್ತು. ಒಂದು ಕಡೆಯವರು ಐಪ್ಯಾಡಿನ ಪೂರ್ತಿ ಹೊಣೆ ಝಿಮ್ಮರ್ ಕುತ್ತಿಗೆಗೆ ಕಟ್ಟಿದ್ರು, ಇನ್ನೊಂದು ಕಡೆಯವರು ಒಬಾಮ ಕಾಲದಲ್ಲಿ ಕೆಲಸ ಮಾಡಿದ ಡೆಮಾಕ್ರಟ್ ಮೆಲ್ವಾಯ್ನ್‌ನ ಟ್ರಂಪ್ ಮತ್ತು ಅವರ ಶಿಕ್ಷಣ ಮಂತ್ರಿ ಬೆಟ್ಸಿ ಡೆವೋಸ್ ಪಕ್ಕದಲ್ಲಿ ನಿಲ್ಲಿಸಿದ್ರು. ಎರಡೂ ಅನ್ಯಾಯ. ಐಪ್ಯಾಡಿಗೆ ಓಟ್ ಹಾಕಿದ್ದು ಝಿಮ್ಮರ್ ಒಬ್ಬರೇ ಅಲ್ಲ, ಹಾಕಿದವರಲ್ಲಿ ಚಾರ್ಟರ್ ಪರ ಇದ್ದವರೂ ಇದ್ರು, ಆದ್ರೆ ಕರಪತ್ರ ನೋಡಿದ ಮನೆಯವರಿಗೆ ಅದೆಲ್ಲಿ ಗೊತ್ತಾಗಬೇಕು.

ಹಾಗಾದ್ರೆ 2013ಕ್ಕೂ 2017ಕ್ಕೂ ವ್ಯತ್ಯಾಸ ಏನು ಅಂತ ಕೇಳಿದ್ರೆ ನನ್ನ ಓದು ಹೀಗೆ. ದುಡ್ಡು ಎರಡೂ ಸಲ ಇತ್ತು, ಎರಡನೇ ಸಲ ಜಾಸ್ತಿ ಇತ್ತು ನಿಜ, ಆದ್ರೆ ಅದು ಕೆಲಸ ಮಾಡಿದ್ದು ಓಟರುಗಳು ಕಮ್ಮಿ ಇದ್ದಿದ್ರಿಂದ. ಮಾರ್ಚ್ 7ರಂದೇ ಗಾರ್ಸೆಟ್ಟಿ ನೂರಕ್ಕೆ 81 ಓಟ್ ತಗೊಂಡು ಮೇಯರ್ ಸೀಟು ಮುಗಿಸಿಬಿಟ್ಟಿದ್ರು. ಹಾಗಾಗಿ ಮೇ 16ಕ್ಕೆ ಚೀಟೀಲಿ ಮೇಯರ್ ಇಲ್ಲ, ಎರಡು ಕೌನ್ಸಿಲ್ ಸೀಟು, ಪೊಲೀಸರ ಶಿಸ್ತಿನ ಬಗ್ಗೆ ಒಂದು ತಿದ್ದುಪಡಿ, ಮತ್ತೆ ಈ ಸ್ಕೂಲ್ ಬೋರ್ಡ್ ಸೀಟುಗಳು, ಅಷ್ಟೇ. ಅಂಥ ಮಂಗಳವಾರ ಯಾರು ಹೊರಗೆ ಬರ್ತಾರೆ? ನೂರಕ್ಕೆ 10ರ ಹತ್ತಿರ. ಇಷ್ಟು ಕಮ್ಮಿ ಜನ ಇದ್ದಾಗ ಯಾರ ಮನೆಗೆ ಹೋಗಬೇಕು, ಯಾರಿಗೆ ಎಷ್ಟು ಸಲ ಫೋನ್ ಮಾಡಬೇಕು ಅಂತ ಹೆಸರು ಹಿಡಿದು ಪಟ್ಟಿ ಮಾಡಬಹುದು, ದುಡ್ಡಿದ್ದವರು ಅದನ್ನೇ ಮಾಡೋದು. ಚಾರ್ಟರಿಗೆ ಮಕ್ಕಳನ್ನ ಕಳಿಸೋ ಮನೆಯವರಿಗೆ ಬರೋಕೆ ಕಾರಣ ಇತ್ತು, ನಮ್ಮ ಮಗುವಿನ ಶಾಲೆ ಉಳಿಯುತ್ತೋ ಇಲ್ವೋ ಅಂತ. ಪಶ್ಚಿಮ ಭಾಗದಲ್ಲಿ ಪೋಷಕರ ಗುಂಪುಗಳು ಮುಂಚೆಯಿಂದನೇ ಗಟ್ಟಿಯಾಗಿದ್ವು, ಮೊದಲ ಸುತ್ತಲ್ಲಿ ಸೋತ ಆಲಿಸನ್ ಹೋಲ್ಡಾರ್ಫ್ ಪೋಲ್ಹಿಲ್ ಓಟುಗಳೂ ಆ ಕಡೆಗೇ ವಾಲಿದ್ವು. ಝಿಮ್ಮರ್ ಮಾಡಿದ ಕೆಲಸದಿಂದ ಅನುಕೂಲ ಆದ ಮನೆಗಳು, ವಲಸಿಗರ ಮಕ್ಕಳಿಗೆ ಶಾಲೆ ಸುರಕ್ಷಿತ ಜಾಗ ಅಂತ ಮಾಡಿದ ನಿರ್ಣಯ ಯಾರಿಗೆ ಧೈರ್ಯ ಕೊಟ್ಟಿತೋ ಆ ಮನೆಗಳು, ಅವರಲ್ಲಿ ಎಷ್ಟೋ ಜನಕ್ಕೆ ಓಟಿಲ್ಲ, ಓಟಿದ್ದವರು ಎರಡೆರಡು ಕೆಲಸದ ಮಧ್ಯೆ ಇದ್ರು.

ಇನ್ನೊಂದು ಕಾರಣನೂ ಇದೆ, ಅದನ್ನ ಮುಚ್ಚಿಡೋದು ತಪ್ಪಾಗುತ್ತೆ. 2013ರಲ್ಲಿ ಝಿಮ್ಮರ್ ಹೊರಗಿನ ಶ್ರೀಮಂತರ ಎದುರು ನಿಂತ ಮೇಷ್ಟ್ರು. 2017ರಲ್ಲಿ ಅವರು ಎಂಟು ವರ್ಷದ ಮೆಂಬರ್, ಎರಡು ವರ್ಷದ ಪ್ರೆಸಿಡೆಂಟ್. ಹೈಸ್ಕೂಲ್ ಪಾಸಾಗೋ ಮಕ್ಕಳ ಪ್ರಮಾಣ ನಾಲ್ಕರಲ್ಲಿ ಮೂರು ಪಾಲಿಗೆ ಏರಿದೆ ಅಂತ ಅವರು ಹೇಳ್ಕೊಳ್ಳೋವಾಗ ಎದುರಿನವರು ಆನ್‌ಲೈನಲ್ಲಿ ಅವಸರದ ಕೋರ್ಸ್ ಮಾಡಿಸಿ ಪಾಸ್ ಮಾಡಿಸ್ತಿದೀರಿ ಅಂತ ತಿರುಗಿ ಕೇಳ್ತಿದ್ರು, ಅದಕ್ಕೆ ಗಟ್ಟಿ ಉತ್ತರ ಇರಲಿಲ್ಲ. ಮುಂದಿನ ವರ್ಷಗಳ ಬಜೆಟ್ ಕೊರತೆ, ಪೆನ್ಶನ್ ಹೊರೆ ಕಣ್ಣೆದುರೇ ಇತ್ತು. ಎರಡೂ ಕಡೆಯವರನ್ನ ಕೂರಿಸಿ ಮಾತಾಡಿಸೋದು ಅವರ ಸ್ವಭಾವ, ಬೋರ್ಡ್ ನಡೆಸೋಕೆ ಅದು ಒಳ್ಳೇ ಗುಣ, ಆದ್ರೆ ಕರಪತ್ರದ ಒಂದು ಸಾಲಲ್ಲಿ ಅದನ್ನ ಹೇಳೋಕಾಗಲ್ಲ.

ಅದೇ ದಿನ ಡಿಸ್ಟ್ರಿಕ್ಟ್ 6ರಲ್ಲಿ ಕೆಲ್ಲಿ ಗೊನೆಜ್ ಗೆದ್ರು, ಬೋರ್ಡಲ್ಲಿ ಮೊದಲ ಸಲ ಚಾರ್ಟರ್ ಪರ ಬಹುಮತ ಬಂತು, 4–3. ಹೊಸ ಬೋರ್ಡ್ ಆರಿಸಿದ ಪ್ರೆಸಿಡೆಂಟ್ ರೆಫ್ ರಾಡ್ರಿಗೆಜ್ ಮೇಲೆ ಎರಡೇ ತಿಂಗಳಿಗೆ ಹಳೇ ಕ್ಯಾಂಪೇನ್ ದುಡ್ಡಿನ ಕೇಸ್ ಬಿತ್ತು, ಅಧ್ಯಕ್ಷ ಸ್ಥಾನ ಬಿಟ್ರು, 2018ರ ಜುಲೈನಲ್ಲಿ ತಪ್ಪೊಪ್ಪಿಕೊಂಡು ಬೋರ್ಡನ್ನೇ ಬಿಟ್ರು. ಅಷ್ಟರೊಳಗೆ ಇದೇ ಬೋರ್ಡ್ ಬ್ಯಾಂಕಿಂಗ್ ಹಿನ್ನೆಲೆಯ ಆಸ್ಟಿನ್ ಬ್ಯೂಟ್ನರನ್ನ ಸೂಪರಿಂಟೆಂಡೆಂಟ್ ಮಾಡಿತ್ತು. 2019ರ ಜನವರೀಲಿ 30 ಸಾವಿರಕ್ಕೂ ಜಾಸ್ತಿ ಮೇಷ್ಟ್ರು ಮಳೇಲಿ ನೆನೀತಾ ಆರು ಶಾಲಾ ದಿನ ಸ್ಟ್ರೈಕ್ ಮಾಡಿದ್ರು, ಸಂಬಳದ ಜೊತೆಗೆ ಕ್ಲಾಸಲ್ಲಿ ಮಕ್ಕಳ ಸಂಖ್ಯೆ ಇಳಿಸಿ, ಪ್ರತಿ ಶಾಲೆಗೆ ನರ್ಸ್ ಕೊಡಿ ಅಂತ ಕೇಳ್ತಾ. ಊರು ಮೇಷ್ಟ್ರ ಪರ ನಿಂತಿತು. ಆ ಮೇ ತಿಂಗಳಲ್ಲಿ ರಾಡ್ರಿಗೆಜ್ ಖಾಲಿ ಮಾಡಿದ ಸೀಟಿಗೆ ಯೂನಿಯನ್ ಬೆಂಬಲದ ಜಾಕಿ ಗೋಲ್ಡ್‌ಬರ್ಗ್ ಭಾರೀ ಅಂತರದಲ್ಲಿ ಗೆದ್ರು. ಅಂದ್ರೆ ಅಷ್ಟು ಕೋಟಿ ಸುರಿದು ಕೊಂಡ್ಕೊಂಡ ಬಹುಮತ ಎರಡು ವರ್ಷ ಕೂಡ ಬಾಳಲಿಲ್ಲ.

ಮೆಲ್ವಾಯ್ನ್ ಅಲ್ಲೇ ಉಳಿದ್ರು, 2022ರಲ್ಲಿ ಮತ್ತೆ ಗೆದ್ರು. ಅವರ ಮೊದಲ ಅವಧಿ ಮಾಮೂಲಿ ನಾಲ್ಕು ವರ್ಷದ್ದಲ್ಲ, ಐದೂವರೆ ವರ್ಷದ್ದು, ಯಾಕಂದ್ರೆ ಓಟರು ಬರ್ತಿಲ್ಲ ಅಂತ ಜನರೇ 2015ರಲ್ಲಿ ಕಾನೂನು ತಿದ್ದಿ ಬೋರ್ಡ್ ಎಲೆಕ್ಷನ್ನನ್ನ 2020ರಿಂದ ರಾಜ್ಯ ಮತ್ತು ದೇಶದ ಎಲೆಕ್ಷನ್ ನಡೆಯೋ ಸಮ ವರ್ಷಕ್ಕೆ ಸೇರಿಸಿದ್ರು, ಆ ಬದಲಾವಣೆಗೆ ಹೊಂದಿಸೋಕೆ ಅವಧಿ ಉದ್ದ ಮಾಡಬೇಕಾಯ್ತು. ಜನ ಕಮ್ಮಿ ಬರೋ ಹಳೇ ಕ್ಯಾಲೆಂಡರಿನ ಕೊನೇ ಎಲೆಕ್ಷನ್ನುಗಳಲ್ಲಿ ಒಂದರಲ್ಲಿ ಝಿಮ್ಮರ್ ಸೋತಿದ್ದು, ಅದೂ ಇಷ್ಟು ಉದ್ದದ ಅವಧಿಗೆ. ಝಿಮ್ಮರ್ ಆಮೇಲೆ ಕ್ಯಾಲಿಫೋರ್ನಿಯಾ ರಾಜ್ಯದ ಶಿಕ್ಷಣ ಇಲಾಖೆಗೆ ಡೆಪ್ಯುಟಿ ಸೂಪರಿಂಟೆಂಡೆಂಟ್ ಆಗಿ ಹೋದ್ರು, ಬಡ ಮಕ್ಕಳ ಶಾಲೆಯಲ್ಲೇ ವೈದ್ಯರು, ಕೌನ್ಸೆಲಿಂಗ್, ಮನೆಯವರಿಗೆ ನೆರವು ಎಲ್ಲ ಸಿಗೋ ಹಾಗೆ ಮಾಡೋ ಕಮ್ಯುನಿಟಿ ಸ್ಕೂಲ್ ಯೋಜನೆ ಅಲ್ಲಿ ಅವರ ಕೆಲಸಗಳಲ್ಲಿ ಒಂದಾಯ್ತು.